ಕಂಬಳಿ ಕಾಲರಿನ ಕೋಟು

ನಾನು ಆ ಕೆಲಸಕ್ಕೆ ಸೇರಿದ್ದು ಸಿನಿಮಾದ ಮೇಲಿನ ಪ್ರೀತಿಯಿಂದಲ್ಲ. ಟೆಕ್ಸಾಸಿನ ಪ್ಲೇನೋದಲ್ಲಿ ಹನ್ನೊಂದು ವರ್ಷ ಮಾಡಿದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಒಂದು ಗುರುವಾರ ಬೆಳಿಗ್ಗೆ ಅರ್ಧ ಗಂಟೆಯ ಮೀಟಿಂಗಿನಲ್ಲಿ ಮುಗಿದುಹೋಗಿತ್ತು. ಐದು ತಿಂಗಳು ಹುಡುಕಿದ ಮೇಲೆ ಸಿಕ್ಕಿದ್ದು ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್. ಹಳೆಯ ಸಿನಿಮಾ ರೀಲುಗಳನ್ನು ಡಿಜಿಟಲ್ ಮಾಡಿ, ಕಿವಿ ಕೇಳಿಸದವರಿಗಾಗಿ ಪರದೆಯ ಕೆಳಗೆ ಮಾತುಗಳನ್ನು ಅಕ್ಷರದಲ್ಲಿ ಹಾಕಿಕೊಡುವುದು ಅವರ ವ್ಯವಹಾರ. ಮೊದಲು ಮೆಷಿನ್ ತನಗೆ ಕೇಳಿಸಿದ್ದನ್ನು ಬರೆಯುತ್ತದೆ. ಆಮೇಲೆ ಅದರ ತಪ್ಪು ತಿದ್ದುವುದು ನನ್ನ ಕೆಲಸ.

ಹಳಬರು ಆಗಲೇ ಒಳ್ಳೊಳ್ಳೆಯದನ್ನು ಹಂಚಿಕೊಂಡಿದ್ದರು. ಒಬ್ಬರಿಗೆ ಕೌಬಾಯ್ ಸಿನಿಮಾಗಳು, ಇನ್ನೊಬ್ಬರಿಗೆ ಪತ್ತೇದಾರಿ. ನನ್ನ ಪಾಲಿಗೆ ಉಳಿದದ್ದು ಎರಡನೇ ಮಹಾಯುದ್ಧ ಮುಗಿದ ಮೇಲಿನ ಏಳೆಂಟು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ತೆಗೆದ ಪ್ರೇಮದ ಹಾಸ್ಯಚಿತ್ರಗಳು. ಒಟ್ಟು ಮೂವತ್ತೆರಡು. ಅವುಗಳ ಹೆಸರನ್ನು ನಾನು ಕೇಳಿರಲಿಲ್ಲ ಎನ್ನುವುದು ದೊಡ್ಡ ವಿಷಯವಲ್ಲ, ನಮ್ಮ ಮ್ಯಾನೇಜರಮ್ಮನೂ ಕೇಳಿರಲಿಲ್ಲ. "ಇವನ್ನು ಯಾರೂ ನೋಡುವುದಿಲ್ಲ. ನಿಧಾನವಾಗಿ ಕಲಿತುಕೋ," ಎಂದು ಧೈರ್ಯ ಹೇಳಿದಳು.

ಮೊದಲ ವಾರ ತಲೆ ಕೆಟ್ಟುಹೋಯಿತು. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಮೆಷಿನ್ನಿಗೆ ಕಾಲುಭಾಗ. ಒಂದು ಕಡೆ ಹುಡುಗ "ಡಾರ್ಲಿಂಗ್" ಎಂದದ್ದನ್ನು ಮೆಷಿನ್ "ಡಾರ್ನಿಂಗ್" ಎಂದು ಬರೆದಿತ್ತು. ಡಾರ್ನಿಂಗ್ ಎಂದರೆ ತೂತುಬಿದ್ದ ಕಾಲುಚೀಲಕ್ಕೆ ನೂಲು ಹೆಣೆದು ಮುಚ್ಚುವುದು. ತಮಾಷೆಯೆಂದರೆ ಆ ದೃಶ್ಯದಲ್ಲಿ ಹುಡುಗಿ ಕೂತು ಅದನ್ನೇ ಮಾಡುತ್ತಿದ್ದಳು. ಅವನು ಅವಳನ್ನು ಪ್ರೀತಿಯಿಂದ ಕರೆದನೋ, ಕಾಲುಚೀಲದ ವಿಚಾರ ಎತ್ತಿದನೋ ಎಂದು ಹತ್ತು ನಿಮಿಷ ಹೆಡ್‌ಫೋನ್ ಒತ್ತಿಹಿಡಿದು ಕೇಳಿದೆ. ಕೊನೆಗೆ ಗೊತ್ತಾಯಿತು, ಅವನಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಕರೆಯಲು ಹೊರಟು ನಾಚಿಕೆಯಾಗಿ ಮಾತನ್ನು ಅರ್ಧಕ್ಕೇ ನುಂಗಿಬಿಟ್ಟಿದ್ದ. ಅಂದು ನಾನು ಆಫೀಸಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ.

ಹಾಗೆ ಶುರುವಾಯಿತು. ಆ ಸಿನಿಮಾಗಳಲ್ಲಿ ಯಾರೂ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಕ್ಕರೆಗೆ ರೇಷನ್ನು, ಬಟ್ಟೆಗೆ ಕೂಪನ್ನು, ಮಿಠಾಯಿಗೂ ಅಳತೆ. ಒಬ್ಬ ಹುಡುಗ ತನ್ನ ಪಾಲಿನ ವಾರದ ಮಿಠಾಯಿಯನ್ನು ಕಾಗದದ ಪೊಟ್ಟಣದಲ್ಲಿ ತಂದು ಹುಡುಗಿಯ ಮೇಜಿನ ಮೇಲಿಟ್ಟು, ಹವಾಮಾನದ ಬಗ್ಗೆ ಎರಡು ಮಾತಾಡಿ ಹೋಗುತ್ತಾನೆ. ಅಷ್ಟೇ. ಅವಳು ಆ ಪೊಟ್ಟಣವನ್ನು ನೋಡುತ್ತ ನಿಂತಿರುತ್ತಾಳೆ. ಮತ್ತೆ ಮರುಕ್ಷಣದಲ್ಲೇ ಯಾರೋ ಬಕೆಟ್ಟಿನಲ್ಲಿ ಕಾಲಿಟ್ಟು ಬೀಳುತ್ತಿದ್ದರು.

ಮೂರನೆಯದೋ ನಾಲ್ಕನೆಯದೋ ಸಿನಿಮಾದಲ್ಲಿ ಇನ್ನೊಂದು ಕಂಡಿತು. ಇಬ್ಬರು ಒಂದು ಟೀಪಾಟಿನ ಮುಚ್ಚಳಕ್ಕಾಗಿ ಜಗಳವಾಡುತ್ತಿದ್ದಾರೆ. ಮಾತು ತಿದ್ದಲು ಅದನ್ನೇ ಎಂಟು ಹತ್ತು ಸಲ ಓಡಿಸಿದ ಮೇಲೆ ನನ್ನ ಕಣ್ಣು ಅವರನ್ನು ಬಿಟ್ಟು ಕಿಟಕಿಯಾಚೆ ಹೋಯಿತು. ಕಿಟಕಿಯಾಚೆ ಅರ್ಧ ಊರೇ ಇರಲಿಲ್ಲ. ಸಾಲುಮನೆಗಳ ನಡುವೆ ಬಿದ್ದ ಹಲ್ಲಿನ ಜಾಗದಂತೆ ಖಾಲಿ, ಅಲ್ಲಿ ಆಳೆತ್ತರದ ಕಳೆ ಬೆಳೆದು ಹೂ ಬಿಟ್ಟಿತ್ತು. ಅದು ಸೆಟ್ಟಲ್ಲ. ಬಾಂಬು ಬಿದ್ದ ನಿಜವಾದ ಬೀದಿ. ಅಷ್ಟೊಂದು ಸತ್ತಿದ್ದಾರೆ, ಮನೆಗಳಿಲ್ಲ, ತಿನ್ನಲು ಸಾಲದು. ಇವರು ಕೂತು ಟೀಪಾಟಿನ ಮುಚ್ಚಳದ ಮೇಲೆ ಪ್ರೇಮಕತೆ ಕಟ್ಟಿದ್ದಾರೆ, ಅದನ್ನು ನೋಡಲು ಜನ ಚಳಿಯಲ್ಲಿ ಸಾಲುಗಟ್ಟಿದ್ದಾರೆ. ಆ ಮಧ್ಯಾಹ್ನ ನನಗೆ ಕೆಲಸ ಮುಂದುವರಿಸಲಾಗಲಿಲ್ಲ. ಕೆಳಗಿಳಿದು ಪಾರ್ಕಿಂಗಿನಲ್ಲಿ ನಿಂತುಕೊಂಡೆ. ಎದುರಿಗೆ ಎಲ್‌ಬಿಜೆ ಫ್ರೀವೇಯಲ್ಲಿ ಟ್ರಕ್ಕುಗಳು ಹೋಗುತ್ತಿದ್ದವು. ದೊಡ್ಡ ಗುಡಿಯೊಂದರ ಒಳಗೆ ಹೋಗಿ ಬಂದವಳ ಹಾಗೆ ಮೈ ಹಗುರಾಗಿತ್ತು.

ಶುಕ್ರವಾರ ಮನೆಯಿಂದಲೇ ಕೆಲಸ. ಮೆಕಿನ್ನಿಯ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಂದು ಪಕ್ಕದಲ್ಲಿ ನಿಂತು ನೋಡುವಳು. "ಅಮ್ಮಾ, ವೈ ಆರ್ ದೇ ಸೋ ಪೊಲೈಟ್? ಜಸ್ಟ್ ಟೆಲ್ ಹರ್!" ಎನ್ನುವಳು. ನನ್ನ ಗಂಡ ಧಾರವಾಡದವನು, ನಾನು ಮೈಸೂರಿನವಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವನು ತನ್ನ ಭಾಷೆ ಬಿಟ್ಟಿಲ್ಲ, ನಾನು ನನ್ನದು ಬಿಟ್ಟಿಲ್ಲ. ಅವನು ಮೊದಮೊದಲು ನನ್ನ ಹುಚ್ಚನ್ನು ನೋಡಿ ನಗುತ್ತಿದ್ದ. ಆಮೇಲೆ ಆಫೀಸು ಮುಗಿಸಿ ಬಂದು ಶೂ ಕೂಡ ಬಿಚ್ಚದೆ ಹಿಂದೆ ನಿಂತು ನೋಡತೊಡಗಿದ.

ಅಂಥ ಒಂದು ಶುಕ್ರವಾರ ನಾನು ತಿದ್ದುತ್ತಿದ್ದದ್ದು ಕೇಕಿನ ಕತೆ. ಸಕ್ಕರೆ ಸಿಗದ ಕಾಲವಾದ್ದರಿಂದ ಮದುವೆಗೆ ರಟ್ಟಿನ ಕೇಕು ಬಾಡಿಗೆಗೆ ಸಿಗುತ್ತಿತ್ತಂತೆ. ನೋಡಲು ಮೂರಂತಸ್ತು, ಬಿಳಿ ಬಳಿದು ಹೂ ಕೊರೆದದ್ದು. ಅದನ್ನೆತ್ತಿದರೆ ಒಳಗೆ ಅಂಗೈಯಗಲದ ನಿಜವಾದ ಕೇಕು. ಕತೆಯ ಹುಡುಗಿ ಆ ರಟ್ಟಿನ ಕೇಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯವಳು. ಯುದ್ಧದಿಂದ ಮರಳಿದ ಒಬ್ಬ ಸೈನಿಕ ತಂಗಿಯ ಮದುವೆಗೆಂದು ಒಂದನ್ನು ಒಯ್ದು ವಾಪಸ್ಸು ಕೊಡುವುದೇ ಇಲ್ಲ, ಕೊಟ್ಟುಬಿಟ್ಟರೆ ಮತ್ತೆ ಅವಳನ್ನು ನೋಡಲು ನೆಪವಿಲ್ಲವಲ್ಲ. ಇವಳು ಅವನ ಮನೆಗೇ ಹೋಗಿ ಕೇಕನ್ನು ಕಿತ್ತುಕೊಂಡು, ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಓಡುತ್ತಾಳೆ. ರಸ್ತೆಯ ಬದಿಯಲ್ಲಿ ತರಕಾರಿ ಅಂಗಡಿಯ ಮುಂದೆ ಹೆಂಗಸರ ಸಾಲು. ಅವರು ನಟರಲ್ಲ. ಕ್ಯಾಮೆರಾವನ್ನು ಯಾವುದೋ ವ್ಯಾನಿನೊಳಗೆ ಅಡಗಿಸಿ ತೆಗೆದಿದ್ದಾರೆ. ಮದುವೆ ಕೇಕು ಹೊತ್ತು ಓಡುವ ಹುಡುಗಿಯನ್ನು ಕಂಡು ಅವರು ತಿರುಗಿ ತಿರುಗಿ ನಿಜವಾಗಿಯೂ ನಗುತ್ತಿದ್ದಾರೆ.

"ತಡಿ," ಎಂದ ಹಿಂದೆ ನಿಂತಿದ್ದ ಗಂಡ. "ಸ್ವಲ್ಪ ಹಿಂದ ಹೋಗು. ಆ ಸಾಲಿನ ಕಡೀಗೆ ನಿಂತಾಳಲ್ಲ, ಆಕೀನ ನೋಡು."

ನೋಡಿದೆ. ಎತ್ತರದ ಹೆಂಗಸು. ಮೈಮೇಲೆ ಗಿಡ್ಡವಾದ ದಪ್ಪ ಕೋಟು. ತಲೆಗೆ ಹೊದ್ದದ್ದು ಬೇರೆಯವರಂತೆ ಸ್ಕಾರ್ಫ್ ಅಲ್ಲ, ಸೆರಗು. ಅದರ ತುದಿ ಕೋಟಿನ ಮೇಲೆ ಮುಂದಕ್ಕೆ ಇಳಿಬಿದ್ದಿತ್ತು. ಕಪ್ಪು ಬಿಳುಪಿನಲ್ಲೂ ಅದರ ಮೇಲೆ ನೇಯ್ದ ತೆನೆಗಳು ಎದ್ದು ಕಾಣುತ್ತಿದ್ದವು.

"ಇಳಕಲ್ ಸೀರಿ," ಎಂದ.

"ಲಂಡನ್ನಿನಲ್ಲಿ ಇಳಕಲ್ ಸೀರೆ ಎಲ್ಲಿಂದ ಬರತ್ತೆ? ಯಾವುದೋ ಶಾಲು ಇರಬೇಕು."

"ನಮ್ಮವ್ವ ದಿನಾ ಉಡೂ ಸೀರಿ ನನಗ ಗೊತ್ತಾಗೂದಿಲ್ಲೇನು? ಸೆರಗಿನ ತೆನಿ ನೋಡು. ಕೋಟಿನ ಕೆಳಗ ದಡಿ ನೋಡು."

ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆವು. ಒಟ್ಟು ಏಳು ಸೆಕೆಂಡು. ಅವಳು ತಿರುಗುತ್ತಾಳೆ, ಕೇಕು ನೋಡುತ್ತಾಳೆ, ಪಕ್ಕದವಳ ತೋಳು ಹಿಡಿದು ಏನೋ ಅನ್ನುತ್ತಾಳೆ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಾಳೆ. ಯಾರೂ ನೋಡದ ಸಿನಿಮಾದ ಮೂಲೆಯಲ್ಲಿ ಎಪ್ಪತ್ತೈದು ವರ್ಷದಿಂದ ನಮ್ಮ ಕಡೆಯ ಹೆಂಗಸೊಬ್ಬಳು ನಗುತ್ತ ನಿಂತಿದ್ದಾಳೆ.

ಸೋಮವಾರ ಮ್ಯಾನೇಜರಮ್ಮನಿಗೆ ತೋರಿಸಿದೆ. ಅವಳಿಗೆ ಸೀರೆಯ ವ್ಯತ್ಯಾಸ ತಿಳಿಯದಿದ್ದರೂ ನನ್ನ ಮುಖ ನೋಡಿಯೇ ವಿಷಯ ದೊಡ್ಡದೆಂದು ತಿಳಿಯಿತು. ಆ ಏಳು ಸೆಕೆಂಡನ್ನು ಹೊರಗೆ ಒಯ್ದು ತೋರಿಸಲು ಒಪ್ಪಿಗೆ ಬರೆದುಕೊಟ್ಟಳು. ಟೆಕ್ಸಾಸಿನ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಕೇಳಿದೆ: ಯುದ್ಧ ಮುಗಿದ ಹೊಸತರಲ್ಲಿ ನಿಮ್ಮ ಮನೆಯ ಯಾರಾದರೂ ಲಂಡನ್ನಿನಲ್ಲಿ ಇದ್ದರೇ? ಹಲವರು ಕೈಮುಗಿದ ಚಿತ್ರ ಹಾಕಿದರು. ಮೂರನೆಯ ದಿನ ಹೂಸ್ಟನ್ನಿನಿಂದ ಒಬ್ಬ ಆಂಟಿ ಫೋನ್ ಮಾಡಿದರು. ಅವರ ಅತ್ತೆ ಬೆಳಗಾವಿ ಕಡೆಯವರು, ಈಗ ಎಂಬತ್ತೇಳು. ಅತ್ತೆಯ ತಂದೆ ಡಾಕ್ಟರಿಕೆಯ ಹೆಚ್ಚಿನ ಓದಿಗೆ ಲಂಡನ್ನಿಗೆ ಹೋಗುವಾಗ ಹೆಂಡತಿ ಮಗಳನ್ನೂ ಕರೆದೊಯ್ದಿದ್ದರಂತೆ. "ಅವ್ರು ಅಲ್ಲಿದ್ದಾಗ ಹತ್ತು ಹನ್ನೊಂದು ವರ್ಷದ ಹುಡುಗಿ ನೋಡ್ರಿ. ಅಲ್ಲಿನ ಸಿನಿಮಾದ ಸುದ್ದಿ ಎತ್ತಿದ್ರ ಮುಗೀತು, ಊಟಾನೂ ಬ್ಯಾಡ ಅವ್ರಿಗೆ. ಬರ್ರಿ ಒಮ್ಮೆ," ಎಂದರು.

ಶನಿವಾರ ಮೂವರೂ ಹೂಸ್ಟನ್ನಿಗೆ ಡ್ರೈವ್ ಮಾಡಿದೆವು. ಆಂಟಿಯದು ಭಾರತೀಯರ ಅಂಗಡಿಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ಸೀರೆ ಅಂಗಡಿ. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಪಾರ್ಕಿಂಗ್ ಸಿಗಲು ಇಪ್ಪತ್ತು ನಿಮಿಷವಾಯಿತು. ಒಳಗೆ ಹಿಂದಿನ ಕೋಣೆಯಲ್ಲಿ ಅಜ್ಜಿ ಕೂತಿದ್ದರು. ಉಟ್ಟದ್ದು ಇಳಕಲ್ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕೈಯಲ್ಲಿ ಯಾರದೋ ರೇಷ್ಮೆ ಸೀರೆಗೆ ಹೊಲಿಯುತ್ತಿದ್ದ ಫಾಲ್.

"ಬಾ ಮಗಳ. ನನ್ನ ಸಿನಿಮಾ ತಂದೀ ಏನು?"

ತೋರಿಸಿದೆ. ಮೊದಲ ಸಲ ಅವರು ನೋಡಿದ್ದು ಕೇಕಿನ ಹುಡುಗಿಯನ್ನೇ. "ಅಯ್ಯ, ರಟ್ಟಿನ ಕೇಕು! ಓಡೂದ ನೋಡು ಈಕಿ!" ಎಂದು ನಕ್ಕರು. ಎರಡನೇ ಸಲ ನಾನು ಸಾಲಿನ ಕೊನೆಗೆ ಬೆರಳಿಟ್ಟೆ. ನಗು ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಐದು ಸಲ ನೋಡಿದರು. ಆಂಟಿ ಗಿರಾಕಿಯನ್ನು ಬಿಟ್ಟು ಬಾಗಿಲಲ್ಲಿ ಬಂದು ನಿಂತರು.

"ನಮ್ಮವ್ವ ಅಲ್ಲ," ಎಂದರು ಅಜ್ಜಿ. ನನಗೆ ಪೆಚ್ಚಾಯಿತು. "ನಮ್ಮವ್ವ ಇಷ್ಟು ಎತ್ತರ ಇದ್ದಿಲ್ಲ. ಆದ್ರ ಕೋಟು ನಮ್ಮವ್ವಂದು."

"ಹೇಗೆ ಗೊತ್ತಾಯ್ತು ಅಜ್ಜಿ? ಕೋಟು ಎಲ್ಲರದೂ ಒಂದೇ ಥರ ಇದೆಯಲ್ಲ."

"ಕಾಲರ್ ನೋಡು. ಪಟ್ಟಿ ಪಟ್ಟಿ ಕಾಣ್ತೈತಿಲ್ಲೊ? ಅದು ನಮ್ಮ ಕಂಬಳಿ. ಸೆಕೆಂಡ್‌ಹ್ಯಾಂಡ್ ಕೋಟು ತಂದಿದ್ರು ನಮ್ಮಪ್ಪ, ಕಾಲರಿಗೆ ನುಸಿ ಹಿಡಿದಿತ್ತು. ಊರಿಂದ ಒಯ್ದ ಕಂಬಳಿ ಕತ್ತರಿಸಿ ಅವ್ವ ತನ್ನ ಕೈಲೇ ಹಚ್ಚಿದ್ಲು. ಲಂಡನ್ನಾಗ ಇಂಥ ಕೋಟು ಎರಡು ಇರಾಕ ಸಾಧ್ಯ ಇಲ್ಲ." ಆಮೇಲೆ ಪರದೆಯ ಮೇಲೆ ಒಂದು ಬೆರಳಿಟ್ಟು, "ಈಕಿ ನಮ್ಮ ಅಕ್ಕ," ಎಂದರು.

ಒಡಹುಟ್ಟಿದ ಅಕ್ಕನಲ್ಲ. ಬಾಗಲಕೋಟೆ ಕಡೆಯ ಇಪ್ಪತ್ತಮೂರು ವರ್ಷದ ಹುಡುಗಿ, ನರ್ಸ್ ತರಬೇತಿಗೆಂದು ಒಬ್ಬಳೇ ಹಡಗು ಹತ್ತಿ ಬಂದವಳು. ಇವರಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳಿಗೆ ಬೆಚ್ಚನೆಯ ಕೋಟು ಇರಲಿಲ್ಲ. ಹೊಸದು ಕೊಳ್ಳಲು ಕೂಪನ್ನೂ ಇರಲಿಲ್ಲ. ಹೀಗಾಗಿ ಒಂದು ಕೋಟು, ಇಬ್ಬರು ಹೆಂಗಸರು. ಅವಳು ಹೊರಗೆ ಹೋದರೆ ಅವ್ವ ಒಳಗೆ. ಅವ್ವನ ಅಳತೆಯ ಕೋಟು ಅವಳಿಗೆ ಗಿಡ್ಡ. ತೋಳಿನಿಂದ ಮಣಿಕಟ್ಟು ಆಚೆ ಬರುತ್ತಿತ್ತು, ಕೆಳಗೆ ಮೊಳದುದ್ದ ಸೀರೆ ಕಾಣುತ್ತಿತ್ತು.

ನಡುವೆ ನನಗೊಂದು ನೆನಪಾಯಿತು. ಅದೇ ಸಿನಿಮಾದಲ್ಲಿ ಬಸ್ ಕಂಡಕ್ಟರ್ ಕೂಗುವ ಒಂದು ಮಾತು ಎಷ್ಟು ಕೇಳಿದರೂ ತಿಳಿದಿರಲಿಲ್ಲ. ಅಜ್ಜಿಗೆ ಕೇಳಿಸಿದೆ. ಅವರು ಒಂದೇ ಸಲಕ್ಕೆ, "ಹೋಲ್ಡ್ ಟೈಟ್ ಪ್ಲೀಸ್," ಎಂದರು. ನಾನು ಬೆಚ್ಚಿದೆ. ತಿಂಗಳುಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿದ್ದ ಅದೇ ಹಳೆಯ ಇಂಗ್ಲಿಷು, ಅದೇ ರಾಗ, ಹಿಲ್‌ಕ್ರಾಫ್ಟಿನ ಸೀರೆ ಅಂಗಡಿಯಲ್ಲಿ ಇಳಕಲ್ ಸೀರೆಯವರ ಬಾಯಿಂದ ಬಂದಿತ್ತು.

"ಬಸ್ ಬಿಡೂ ಮುಂದ ಕಂಡಕ್ಟರ್ ಅನ್ನೂ ಮಾತದು. ಅಕ್ಕನ ಹಿಂದ ಬಿದ್ದವನೂ ಕಂಡಕ್ಟರನ. ದಿನಾ ಕೇಳಿದ್ದೇನಿ."

ಆ ಕಂಡಕ್ಟರ್ ಇಂಗ್ಲೆಂಡಿನವನು. ಯುದ್ಧದಲ್ಲಿ ಬೆಳಗಾವಿಯ ದಂಡಿನಲ್ಲಿ ಒಂದು ವರ್ಷ ಇದ್ದನಂತೆ. ಅಲ್ಲಿ ಕಲಿತು ಬಂದದ್ದು ನಾಲ್ಕೇ ಕನ್ನಡ ಪದ: ಬಾ, ನೀರು, ಸಾಕು, ನಾಳಿ. ಬಸ್ಸಿನಲ್ಲಿ ಇಳಕಲ್ ಸೀರೆ ಕಂಡ ದಿನ ಟಿಕೆಟ್ ಹರಿದುಕೊಟ್ಟು, "ನೀರು," ಎಂದನಂತೆ. ಬೇರೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಅಕ್ಕ ನಗು ತಡೆಯಲಾರದೆ ತನ್ನ ಸ್ಟಾಪು ಮರೆತು ಕೊನೆಯವರೆಗೂ ಹೋಗಿಬಿಟ್ಟಳು. ಒಂದು ಭಾನುವಾರ ಅವನು ಮನೆಗೇ ಬಂದ. ಅವ್ವ ಬಾಗಿಲು ತೆರೆದರೆ, ಟೋಪಿ ತೆಗೆದು ಬಾಗಿ, "ಬಾ," ಎಂದ. ಅವ್ವ ಬಾಗಿಲು ಮುಚ್ಚಿ ಒಳಗೆ ಬಂದು, "ನಮ್ಮ ಮನಿಗೆ ಬಂದು ನನಗಽ ಬಾ ಅಂತಾನ!" ಎಂದಳಂತೆ. ಇಷ್ಟು ಹೇಳುವಾಗ ಅಜ್ಜಿಗೆ ನಗು ಬಂದು ಕೆಮ್ಮು ಹತ್ತಿ ಆಂಟಿ ನೀರು ತರಬೇಕಾಯಿತು.

ಅಕ್ಕ ಅವನೊಡನೆ ಸಿನಿಮಾಕ್ಕೆ ಹೋಗಲು ಅವ್ವ ಒಂದು ಶರತ್ತು ಹಾಕಿದಳು. ಮಗಳು ಜೊತೆಗೆ ಹೋಗಬೇಕು, ಇಬ್ಬರ ನಡುವಿನ ಕುರ್ಚಿಯಲ್ಲಿ ಕೂರಬೇಕು. ಹೀಗೆ ಎರಡು ಚಳಿಗಾಲ, ಪ್ರತಿ ಭಾನುವಾರ ಮಧ್ಯಾಹ್ನ, ಹುಡುಗಿ ನಡುವೆ ಕೂತು ಸಿನಿಮಾ ನೋಡಿದಳು. ಎಡಗಡೆಯಿಂದ ಅವನ ಪಾಲಿನ ಮಿಠಾಯಿ, ಬಲಗಡೆಯಿಂದ ಅಕ್ಕನ ಪಾಲಿನದು. ಪ್ರತಿ ಸಲ ಬೀಳ್ಕೊಡುವಾಗ ಅವನು, "ನಾಳಿ?" ಎನ್ನುವನು. ಮತ್ತೆ ಸಿಗುತ್ತೀಯಾ ಎಂದು ಅರ್ಥ. ಅಕ್ಕ, "ನಾಳಿ," ಎನ್ನುವಳು.

"ಒಂದು ದಿನ ಅಕ್ಕಗ ತಲಿ ಕೆಟ್ಟಿತ್ತು," ಎಂದರು ಅಜ್ಜಿ. "ಊರಿಂದ ಅಣ್ಣನ ಕಾಗದ ಬಂದಿತ್ತು, ವರ ನೋಡೇವಿ ಬಾ ಅಂತ. ಇವ ನೋಡಿದ್ರ ಎರಡು ವರ್ಷ ಆತು, ಮದುವಿ ಮಾತು ಎತ್ತವಲ್ಲ. ಸಿನಿಮಾ ನಡದೈತಿ, ಕತ್ತಲದಾಗ ಬಗ್ಗಿ ಕೇಳಿದ, 'ನಾಳಿ?' ಅಕ್ಕ ಅಂದ್ಲು, 'ಸಾಕು ನಾಳಿ!'"

ನಾಳೆ ನಾಳೆ ಎಂದದ್ದು ಸಾಕು, ಇವತ್ತೇ ಹೇಳು ಎಂದು ಅವಳ ಅರ್ಥ. ಅವನಿಗೆ ಗೊತ್ತಿದ್ದ "ಸಾಕು" ಎಂದರೆ ತಟ್ಟೆಗೆ ಇನ್ನು ಹಾಕಬೇಡ ಎನ್ನುವ ಸಾಕು. ಅವನು ಟೋಪಿ ಎತ್ತಿಕೊಂಡು ಎದ್ದುಹೋದ. ಮೂರು ವಾರ ಮುಖ ತೋರಿಸಲಿಲ್ಲ. ಬಸ್ಸಿನ ದಾರಿಯನ್ನೂ ಬದಲಿಸಿಕೊಂಡಿದ್ದ. ಅಕ್ಕ ಡ್ಯೂಟಿಗೆ ಹೋಗುವಳು, ಬರುವಳು, ಊಟ ಮಾಡಳು. ಕೊನೆಗೆ ಹನ್ನೊಂದು ವರ್ಷದ ಹುಡುಗಿ ಶಾಲೆ ತಪ್ಪಿಸಿ, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಮಧ್ಯಾಹ್ನದ ಹೊತ್ತಿಗೆ ಅವನಿದ್ದ ಬಸ್ಸನ್ನು ಹಿಡಿದಳು.

"ಎಲ್ಲಾರ ಮುಂದ ಹೇಳಿದೆ. ಸಾಕು ಬ್ಯಾರೆ, ಸಾಕು ನಾಳಿ ಬ್ಯಾರೆ. ನಿಂಗ ವ್ಯಾಕರಣ ಗೊತ್ತಿಲ್ಲ. ಅಕ್ಕ ಇವತ್ತು ಅಂದಾಳ, ಇವತ್ತು!"

"ಅವನೇನು ಮಾಡಿದ ಅಜ್ಜಿ?" ಎಂದು ಕೇಳಿದೆ.

"ಗಂಟಿ ಬಾರಿಸಿದ. ಬಸ್ಸು ನಿಂತಿತು. ನನ್ನ ಹೆಗಲ ಹಿಡಿದು ಕೇಳಿದ, ಇವತ್ತು ಅಂದ್ರೇನು ಅಂತ. ಹೇಳಿದೆ. ಐದನೇ ಪದ ಕಲಿತ. ಟಿಕೆಟ್ ಮೆಷಿನ್ ಕೊರಳಾಗ ಇಟ್ಕೊಂಡಽ ಇಳಿದು ಆಸ್ಪತ್ರಿ ಕಡೆ ಓಡಿದ. ನಾನೂ ಹಿಂದ ಓಡಿದೆ. ಬಸ್ಸಿನ ಮಂದಿ ಬೈಯಾಕತ್ತಿದ್ರು, ಅವರಿಗೂ ಹೇಳಿದೆ ಸುದ್ದಿ. ಆಮ್ಯಾಲೆ ಚಪ್ಪಾಳಿ ಹೊಡದ್ರು."

ನನ್ನ ಮಗಳು ಬಾಯಿ ತೆರೆದುಕೊಂಡು ಕೂತಿದ್ದಳು. ಆಂಟಿ ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಅವರೂ ಇದನ್ನು ಕೇಳಿರಲಿಲ್ಲವಂತೆ.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ, ಮೈ ಕೊರೆಯುವ ಚಳಿಯಲ್ಲಿ ಆಯಿತು. ಕೋಟು ಮದುಮಗಳ ಮೈಮೇಲಿತ್ತು. ಅಪ್ಪ ಮಗಳು ಸಾಕ್ಷಿಗೆ ಹೋದರು. ಅವ್ವ ಮನೆಯಲ್ಲೇ ಉಳಿದಳು. ಕೂಡಿಟ್ಟ ಸಕ್ಕರೆಯಲ್ಲಿ ಬಟಾಣಿ ಬೇಳೆ ಹಾಕಿ ಹೋಳಿಗೆ ಮಾಡಿ ಎಲ್ಲರಿಗೂ ಕಾದಿದ್ದಳು. ಆ ಮದುವೆ ಮಾಡಿಸಿದವಳೇ ಅವ್ವ, ಅದನ್ನು ನೋಡದವಳೂ ಅವಳೊಬ್ಬಳೇ. ಹೊಸ ಗಂಡ ಹೆಂಡತಿ ಸಮುದ್ರದ ದಂಡೆಯ ಒಂದು ಊರಿಗೆ ಹೋದರು. ಅಜ್ಜಿಯ ಮನೆಯವರು ಮರುವರ್ಷ ಬೆಳಗಾವಿಗೆ ಮರಳಿದರು. ಅಜ್ಜಿ ಮೆಟ್ರಿಕ್ ಮುಗಿಸುವವರೆಗೂ ಅಕ್ಕನ ಕಾಗದಗಳು ಬರುತ್ತಿದ್ದವು. ಆಮೇಲೆ ನಿಂತವು.

"ನಾನು ಹುಡುಕಲಾ ಅಜ್ಜಿ? ಈಗ ಹುಡುಕೋದು ಸುಲಭ," ಎಂದೆ.

ಅವರು ಕೈಯಲ್ಲಿದ್ದ ಫಾಲನ್ನು ಮಡಚಿಟ್ಟರು. "ಬ್ಯಾಡ. ಇದ್ರ ನೂರರ ಹತ್ರ ಇರ್ತಾಳ. ಇರದಿದ್ರ ಅದನ್ನ ನಾ ಯಾಕ ತಿಳ್ಕೋಬೇಕು? ಇಲ್ಲಿ ನಗಾಕತ್ತಾಳ, ಸಾಕು." ಮತ್ತೆ ಪರದೆಗೆ ಬಗ್ಗಿ, "ಆಕಿ ಏನೋ ಅಂತಾಳಲ್ಲ ಬಾಜೂದಾಕಿಗೆ. ಕೇಳಿಸೂದಿಲ್ಲೇನು?" ಎಂದು ಕೇಳಿದರು.

ಬೀದಿಯಲ್ಲಿ ತೆಗೆದ ಚಿತ್ರಕ್ಕೆ ಆಗ ಶಬ್ದ ಹಿಡಿಯುತ್ತಿರಲಿಲ್ಲ, ಬಸ್ಸು ಗಾಡಿಗಳ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದಾರೆ ಎಂದು ವಿವರಿಸಿದೆ. ತುಟಿ ನೋಡಿ ತಿಳಿಯಬಹುದೇನೋ ಎಂದು ನಾವು ಐವರೂ ಒಂದು ಗಂಟೆ ಕೂತೆವು. ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಮ್ಯಾನೇಜರಮ್ಮ ಒಂದು ಸುದ್ದಿ ತಂದಳು. ಆಸ್ಟಿನ್ನಿನಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಒಂದು ಪುಟ್ಟ ಥಿಯೇಟರಿದೆ, ಅವರು ನಮ್ಮ ಮೂವತ್ತೆರಡರಲ್ಲಿ ಒಂದನ್ನು ಭಾನುವಾರ ಮಧ್ಯಾಹ್ನ ಹಾಕಲು ಒಪ್ಪಿದ್ದಾರೆ, ಯಾವುದು ಎಂದು ನೀನೇ ಹೇಳು. ಹೇಳುವುದೇನಿತ್ತು! ಅಜ್ಜಿ ಸೊಸೆಯೊಂದಿಗೆ ಹೂಸ್ಟನ್ನಿನಿಂದ ಬಂದರು, ನಾವು ಮೆಕಿನ್ನಿಯಿಂದ ಹೋದೆವು. ವೀಲ್‌ಚೇರಿನಲ್ಲಿ ಕೂತ ಅಜ್ಜಿ ಹೊಸ ಇಳಕಲ್ ಸೀರೆ ಉಟ್ಟಿದ್ದರು.

ನಲವತ್ತು ಜನ ಇದ್ದಿರಬಹುದು. ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಶುರುವಿಗೆ ಅವರು ನಕ್ಕಿದ್ದು ಪಾತ್ರಗಳ ಟೋಪಿಗೆ, ಉಚ್ಚಾರಕ್ಕೆ. ಅರ್ಧ ಗಂಟೆಯಲ್ಲಿ ಆ ನಗು ಹೋಗಿ ಬೇರೆ ನಗು ಬಂತು. ಸೈನಿಕ ಹುಡುಗ ಕೇಕನ್ನು ಮಂಚದ ಕೆಳಗೆ ಬಚ್ಚಿಡುವಾಗ ಮುಂದಿನ ಸಾಲಿನ ಹುಡುಗಿ, "ಕೊಡಬೇಡ!" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಪರದೆಯ ಕೆಳಗೆ ನಾನು ತಿದ್ದಿದ ಅಕ್ಷರಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ನನ್ನ ಕಣ್ಣು ಅವುಗಳ ಮೇಲಿರಲಿಲ್ಲ. ಅಜ್ಜಿಯ ಕೈ ಹಿಡಿದು ಕೂತಿದ್ದೆ.

ಬೀದಿ ಬಂತು. ಹುಡುಗಿ ಕೇಕು ಹೊತ್ತು ಓಡಿದಳು, ಥಿಯೇಟರು ಗೊಳ್ಳೆಂದಿತು. ಲ್ಯಾಪ್‌ಟಾಪಿನಲ್ಲಿ ಬೆರಳುದ್ದ ಇದ್ದ ಆ ಹೆಂಗಸು ಈಗ ನಮಗಿಂತ ದೊಡ್ಡದಾಗಿ ಮೇಲೆ ನಿಂತಿದ್ದಳು. ಅವಳ ಹಲ್ಲು, ಹಣೆಯ ಕುಂಕುಮ, ಕಂಬಳಿಯ ಪಟ್ಟಿ, ಚಳಿಗೆ ಬಾಯಿಂದ ಹೊರಟ ಹಬೆ, ಎಲ್ಲ ಕಂಡವು. ಅಜ್ಜಿ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಮೇಲೆತ್ತಿ, ಬೀದಿಯಾಚೆ ಹೋಗುವವರನ್ನು ಕರೆಯುವಂತೆ, "ಅಕ್ಕಾ!" ಎಂದು ಕೂಗಿದರು.

ಮುಂದಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಏಳು ಸೆಕೆಂಡು ಮುಗಿದಿತ್ತು. ಅಜ್ಜಿ ಕೈ ಇಳಿಸಿ, ಉಳಿದ ಸಿನಿಮಾ ಪೂರ್ತಿ ಮಗುವಿನಂತೆ ನಗುತ್ತ ನೋಡಿದರು. ನಾನು ಮತ್ತು ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ಕೂತಿದ್ದೆವು, ನಮ್ಮಿಬ್ಬರಿಗೆ ಕೊನೆಯ ಅರ್ಧ ಗಂಟೆ ಏನೂ ಕಾಣಲಿಲ್ಲ.

ಥಿಯೇಟರಿನ ಪಕ್ಕದಲ್ಲಿ ಒಂದು ಮರದ ಕೆಳಗೆ ಟಾಕೋ ಮಾರುವ ಗಾಡಿಯಿತ್ತು. ಬೆಂಚಿನ ಸುತ್ತ ಕೂತೆವು. ಬೀನ್ಸ್ ಟಾಕೋವನ್ನು ಅಜ್ಜಿ ರೊಟ್ಟಿಯಂತೆ ಮುರಿದು ತಿಂದರು. ನಾನು ತಿಂಗಳುಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಅಜ್ಜಿ, ಎರಡು ಚಳಿಗಾಲ ಪ್ರತಿ ಭಾನುವಾರ ಕೋಟು ಕೊಟ್ಟು ಮನೆಯಲ್ಲಿ ಕೂತರಲ್ಲ ನಿಮ್ಮ ತಾಯಿ, ಅವರಿಗೆ ಬೇಜಾರಾಗಲಿಲ್ಲವಾ?"

"ನಾನೂ ಕೇಳಿದ್ದೆ. ಬೆಳಗಾವಿಗೆ ಬಂದ ಎಷ್ಟೋ ವರ್ಷದ ಮ್ಯಾಲೆ. ಏನಂದ್ಲು ಗೊತ್ತೈತೇನು? ನೀ ಬಂದು ಕತಿ ಹೇಳ್ತಿದ್ದೆಲ್ಲ, ಎಲ್ಲಾ ಸಿನಿಮಾ ನಾನೂ ನೋಡೇನಿ ಅಂದ್ಲು."

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹುಡುಗಿ ಸಿನಿಮಾದಿಂದ ಬಂದವಳೇ ಒಲೆಯ ಮುಂದೆ ಕೂತು, ಅವ್ವ ರೊಟ್ಟಿ ಬಡಿಯುತ್ತಿದ್ದಂತೆ, ಮೊದಲಿಂದ ಕೊನೆಯವರೆಗೆ ಬೆಳಗಾವಿಯ ಕನ್ನಡದಲ್ಲಿ ಹೇಳುವಳು. ಯಾರು ಏನಂದರು, ಹೇಗೆ ನಡೆದರು, ಹಿಂದೆ ಯಾವ ಹಾಡು, ಎಲ್ಲ. ಅರ್ಥವಾಗದ ಕಡೆ ತಾನೇ ತುಂಬಿಕೊಳ್ಳುವಳು. ಅತ್ತೆ ಸೊಸೆ ಇಲ್ಲದ ಕತೆ ಅವ್ವನಿಗೆ ಸೇರದೆಂದು ಅಲ್ಲಲ್ಲಿ ಒಬ್ಬ ಅತ್ತೆಯನ್ನೂ ಸೇರಿಸುವಳು.

"ಈಗೊಂದು ಹೇಳಿ ಅಜ್ಜಿ," ಎಂದೆ.

ಅವರು ಟಾಕೋದ ಕೈ ಒರೆಸಿಕೊಂಡು ನನ್ನ ಮಗಳ ಕಡೆ ತಿರುಗಿದರು. ಹೇಳಿದ್ದು ನಾನು ನೋಡಿರದ ಒಂದು ಸಿನಿಮಾ. ಒಬ್ಬಳು ಟೆಲಿಫೋನ್ ಆಫೀಸಿನಲ್ಲಿ ತಂತಿ ಜೋಡಿಸುವವಳು, ಒಬ್ಬ ರೈಲ್ವೇ ಸ್ಟೇಷನ್ನಿನಲ್ಲಿ ಕಳೆದುಹೋದ ಸಾಮಾನು ಕಾಯುವವನು. ಯಾರೋ ಬಿಟ್ಟುಹೋದ ಒಂದು ಗಿಳಿ ಅವನ ಪಾಲಿಗೆ ಬಂದಿರುತ್ತದೆ. ಅದು ಮಾತಾಡುವುದು ಫೋನಿನಲ್ಲಿ ಮಾತ್ರ. ನಡುವೆ ಒಬ್ಬ ಅತ್ತೆ ಇದ್ದಳು. ಅವಳು ನಿಜವಾಗಿ ಸಿನಿಮಾದಲ್ಲಿದ್ದಳೋ, ಒಲೆಯ ಮುಂದೆ ಹುಟ್ಟಿದವಳೋ ಅಜ್ಜಿಗೂ ಈಗ ನೆನಪಿರಲಿಲ್ಲ. ಮಗಳು, "ದೆನ್ ವಾಟ್?" "ಬಟ್ ವೈ?" ಎಂದು ಕೇಳುತ್ತಲೇ ಇದ್ದಳು, ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುತ್ತಲೇ ಇದ್ದರು. ಟಾಕೋ ಗಾಡಿಯವನು ಖಾಲಿ ಬೆಂಚುಗಳನ್ನು ಮಡಚತೊಡಗಿದರೂ ಗಿಳಿಯ ಕತೆ ಮುಗಿದಿರಲಿಲ್ಲ.

ಮನೆಗೆ ಬಂದು ಆ ಸಿನಿಮಾಕ್ಕಾಗಿ ಹುಡುಕಿದೆ. ನಮ್ಮ ಕಂಪನಿಯ ಪಟ್ಟಿಯಲ್ಲಿಲ್ಲ, ನನಗೆ ಗೊತ್ತಿರುವ ಬೇರೆ ಯಾವ ಪಟ್ಟಿಯಲ್ಲೂ ಇಲ್ಲ. ಆ ಕಾಲದ ಎಷ್ಟೋ ರೀಲುಗಳು ಸುಟ್ಟುಹೋಗಿವೆ, ಎಷ್ಟನ್ನೋ ಅದರಲ್ಲಿನ ಬೆಳ್ಳಿಗಾಗಿ ಕರಗಿಸಿಬಿಟ್ಟಿದ್ದಾರೆ ಎಂದಳು ಮ್ಯಾನೇಜರಮ್ಮ. ನನ್ನ ಮೂವತ್ತೆರಡು ಮುಗಿದವು, ಕಾಂಟ್ರ್ಯಾಕ್ಟೂ ಮುಗಿಯಿತು. ಈಗ ಬೇರೆ ಕಡೆ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೇನೆ. ಭಾನುವಾರ ಮಧ್ಯಾಹ್ನ ಹೂಸ್ಟನ್ನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಡುತ್ತೇನೆ. ಅಜ್ಜಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ ಹನ್ನೆರಡು ಸಿನಿಮಾ ಆಗಿವೆ. ಅವುಗಳಲ್ಲಿ ಐದು ಹುಡುಕಿದಾಗ ಸಿಕ್ಕಿವೆ. ಉಳಿದ ಏಳು ಬೆಳಗಾವಿಯ ಕನ್ನಡದಲ್ಲಿ ಬಿಟ್ಟರೆ ಬೇರೆಲ್ಲೂ ಇದ್ದಂತಿಲ್ಲ.